ಹಡಗು ಕಟ್ಟುವ ಕೆಲಸ: ಹಗ್ಗ ಎಸೆಯುವುದರಿಂದ ಬಿಚ್ಚುವವರೆಗೆ, ಬಯಲುಸೀಮೆ ಹುಡುಗರಿಗೆ

ಹಡಗಿನಿಂದ ರಜೆಗೆ ಬಂದ ಹುಡುಗರು ಕ್ಯಾತ್ಸಂದ್ರದ ನಮ್ಮ ಮನೆಗೆ ಬಂದು ಕೂತರೆ ಹೇಳುವ ಕತೆ ಒಂದೇ. "ಅಂಕಲ್, ಹಗ್ಗ ಎಲ್ಲಾ ಚೆನ್ನಾಗೇ ಬಿಗಿದಿದ್ವಿ, ಆದ್ರೂ ಒಂದು ಕಿತ್ತೋಯ್ತು." ಪಾವಗಡದವನದೂ ಇದೇ, ಬಾಗೇಪಲ್ಲಿಯವನದೂ ಇದೇ, ಮಾಲೂರಿನವನದೂ ಇದೇ. ನಾನು ಕೇಳುವುದೂ ಒಂದೇ: "ಕಿತ್ತೋದದ್ದರ ಪಕ್ಕದ ಹಗ್ಗ ಹೆಂಗಿತ್ತು?" ಆಗ ಮುಖ ಮುಖ ನೋಡಿಕೊಳ್ಳುತ್ತಾರೆ. ಅದನ್ನು ಯಾರೂ ನೋಡಿರುವುದಿಲ್ಲ. ಪಕ್ಕದ್ದು ಸಡಿಲ ಬಿದ್ದಿತ್ತು, ಅದರ ಪಾಲಿನ ಭಾರವನ್ನೂ ಇದೊಂದೇ ಹೊತ್ತಿತ್ತು.

26 ವರ್ಷ ಡೆಕ್ ಮೇಲೆ ದುಡಿದವನು ನಾನು, ಕೊನೆಯ 11 ವರ್ಷ ಬೋಸನ್, ಅಂದರೆ ಡೆಕ್ ಕೆಲಸಗಾರರ ಮೇಸ್ತ್ರಿ, ಆಗಿದ್ದೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ಹಡಗಿನ ಮೇಲೆ ಕ್ಯಾಪ್ಟನ್ ಮತ್ತು ಪೈಲಟ್ (ಬಂದರಿನೊಳಗೆ ದಾರಿ ತೋರಿಸಲು ಹಡಗು ಹತ್ತುವವರು) ಹೇಳಿದ್ದೇ ಕಡೆಯ ಮಾತು. ಅವರು ಯಾಕೆ ಹಾಗೆ ಹೇಳುತ್ತಾರೆ ಎನ್ನುವುದು ನಿಮಗೆ ತಿಳಿದಿರಲಿ ಅಂತ ಇದು.

## ಮೊದಲು ಹಗ್ಗಗಳ ಹೆಸರು

ಸಿದ್ಧಗಂಗೆಯ ದನಗಳ ಜಾತ್ರೆ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಕೊಬ್ಬಿದ ಹೋರಿಯನ್ನು ಯಾರೂ ಒಂದೇ ಗೂಟಕ್ಕೆ ಕಟ್ಟುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು ಗೂಟ ಬಡಿದು ಎರಡು ಕಡೆಯಿಂದ ಎಳೆದು ಕಟ್ಟುತ್ತಾರೆ. ಹಡಗಿಗೂ ಅಷ್ಟೇ, ಗೂಟಗಳು ಜಾಸ್ತಿ.

ಹಡಗಿನ ಮುಂತುದಿಯಿಂದ ಮುಂದಕ್ಕೆ ಹೋಗುವುದು ಹೆಡ್ ಲೈನ್. ಹಿಂತುದಿಯಿಂದ ಹಿಂದಕ್ಕೆ ಹೋಗುವುದು ಸ್ಟರ್ನ್ ಲೈನ್. ದಕ್ಕೆಗೆ, ಅಂದರೆ ಹಡಗು ಬಂದು ನಿಲ್ಲುವ ಕಟ್ಟೆಗೆ, ನೇರ ಅಡ್ಡಲಾಗಿ ಹೋಗುವುದು ಬ್ರೆಸ್ಟ್ ಲೈನ್. ಹಡಗು ದಕ್ಕೆ ಬಿಟ್ಟು ದೂರ ಸರಿಯದಂತೆ ಹಿಡಿಯುವುದು ಮುಖ್ಯವಾಗಿ ಇದೇ. ಮುಂಭಾಗದಿಂದ ಹಿಂದಕ್ಕೆ, ಹಿಂಭಾಗದಿಂದ ಮುಂದಕ್ಕೆ ಹಡಗಿನ ಮೈಗೆ ಒತ್ತಿಕೊಂಡು ಓಡುವ ಎರಡು ಜಾತಿ ಹಗ್ಗಗಳು ಸ್ಪ್ರಿಂಗ್. ಹಡಗು ದಕ್ಕೆಯ ಉದ್ದಕ್ಕೆ ಮುಂದೆ ಹಿಂದೆ ಜಾರದಂತೆ ಇವು ತಡೆಯುತ್ತವೆ.

"4-2-2" ಅಂತ ರೇಡಿಯೋದಲ್ಲಿ ಕೇಳಿದರೆ ಹೆಡ್ 4, ಬ್ರೆಸ್ಟ್ 2, ಸ್ಪ್ರಿಂಗ್ 2 ಎಂದರ್ಥ. ಹಿಂದುಗಡೆಯೂ ಅದೇ ಲೆಕ್ಕ.

## ಹಂತ 1: ಪೈಲಟ್ ಹತ್ತುವ ಮುಂಚೆ ಸಿದ್ಧತೆ

ಬೇಕಾಗುವ ಸಾಮಾನು ಇಷ್ಟು: ಎರಡೂ ತುದಿಯಲ್ಲಿ ಕನಿಷ್ಠ ಎರಡೆರಡು ಹೀವಿಂಗ್ ಲೈನ್ (ದಕ್ಕೆಗೆ ಎಸೆಯುವ ಸಣ್ಣ ದಾರ), ಸ್ಟಾಪರ್‌ಗಳು (ಎಳೆತವನ್ನು ಸ್ವಲ್ಪ ಹೊತ್ತು ಹಿಡಿದಿಡುವ ತುಂಡು ಹಗ್ಗ ಅಥವಾ ಸರಪಳಿ), ಇಲಿ ತಟ್ಟೆಗಳು (ಹಗ್ಗದ ಮೇಲೆ ಇಲಿ ಹತ್ತಿ ಬರದಂತೆ ತಡೆಯುವವು), ಚಾರ್ಜ್ ಆದ ರೇಡಿಯೋ, ಗದ್ದದ ಪಟ್ಟಿ ಇರುವ ಹೆಲ್ಮೆಟ್, ಸೇಫ್ಟಿ ಶೂ, ಕೈಗೆ ಸರಿಯಾಗಿ ಕೂರುವ ಗ್ಲೌಸ್. ಸಡಿಲ ಗ್ಲೌಸ್ ಹಗ್ಗದ ಜೊತೆ ವಿಂಚಿನೊಳಗೆ, ಅಂದರೆ ಹಗ್ಗ ಎಳೆಯುವ ಯಂತ್ರದೊಳಗೆ, ಹೋಗುತ್ತದೆ, ಕೈಯೂ ಹಿಂದೆಯೇ ಹೋಗುತ್ತದೆ. ಉಂಗುರ, ಕಡಗ ತೆಗೆದಿಡಿ. ಮದುವೆ ಉಂಗುರಕ್ಕೂ ವಿನಾಯಿತಿ ಇಲ್ಲ.

ವಿಂಚನ್ನು ಎರಡೂ ಕಡೆ ತಿರುಗಿಸಿ ನೋಡಿ. ಹಗ್ಗವನ್ನು ಡೆಕ್ ಮೇಲೆ ಹಾವು ಹರಿದ ಹಾಗೆ ಉದ್ದುದ್ದ ಮಡಚಿ ಹಾಸಿ. ಒಂದು ಹಗ್ಗ ಸಾಮಾನ್ಯವಾಗಿ 200ರಿಂದ 220 ಮೀಟರ್ ಇರುತ್ತದೆ, ಗುಡ್ಡೆ ಹಾಕಿದರೆ ಗಂಟು ಬೀಳುವುದು ಖಂಡಿತ.

ರೇಡಿಯೋ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ದಟ್ಟಣೆಯ ಬಂದರಿನಲ್ಲಿ ನಿಮ್ಮದೊಂದೇ ಹಡಗು ಇರುವುದಿಲ್ಲ. ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ ನಾನು ಇನ್ನೂ ಹೊಸಬ, ವಿಂಚಿನ ಮುಂದೆ ನಿಂತಿದ್ದೆ. "ಸ್ಲ್ಯಾಕ್ ಆಫ್ಟ್ ಸ್ಪ್ರಿಂಗ್", ಅಂದರೆ ಹಿಂಭಾಗದ ಸ್ಪ್ರಿಂಗ್ ಸಡಿಲಿಸು, ಅಂತ ಕೇಳಿಸಿತು. ಬಿಟ್ಟೆ. ಆ ಮಾತು ಆಚೆ ದಕ್ಕೆಯ ಹಡಗಿನ ಆಫೀಸರ್‌ದು, ಚಾನೆಲ್ ಒಂದೇ ಆಗಿತ್ತು. ನಮ್ಮ ಹಡಗು ಹಿಂದಕ್ಕೆ ಜಾರಿ, ಹಿಂದೆ ನಿಂತಿದ್ದ ಹಡಗಿನ ಮೂತಿಗೆ ನಾಲ್ಕೈದು ಮೀಟರ್ ಇರುವಾಗ ಟಗ್ (ದೊಡ್ಡ ಹಡಗನ್ನು ತಳ್ಳುವ, ಎಳೆಯುವ ಸಣ್ಣ ಹಡಗು) ತಡೆಯಿತು. ಅವತ್ತು ತಿಂದ ಬೈಗುಳ ಈಗಲೂ ಕಿವಿಯಲ್ಲಿದೆ. ಆದ್ದರಿಂದ ಪ್ರತಿ ಆದೇಶದ ಮುಂದೆ ಹಡಗಿನ ಹೆಸರು ಇರಬೇಕು, ಕೇಳಿದವನು ಅದನ್ನೇ ತಿರುಗಿ ಹೇಳಬೇಕು. ಹೆಸರಿಲ್ಲದ ಆದೇಶ ಬಂದರೆ ಕೈ ಆಡಿಸಬೇಡಿ, ಕೇಳಿ.

## ಹಂತ 2: ಎಲ್ಲಿ ನಿಲ್ಲಬೇಕು

ತೇರಿನ ಮಿಣಿ ಹಿಡಿಯುವಾಗ ಮಕ್ಕಳಿಗೆ "ಮಿಣಿ ಮಧ್ಯೆ ಕಾಲಿಡಬೇಡ" ಅಂತ ದೊಡ್ಡವರು ಗದರಿಸುವುದು ಸುಮ್ಮನೆ ಅಲ್ಲ. ಡೆಕ್ ಮೇಲೆ ಬಿದ್ದ ಹಗ್ಗದ ಬಳಸು, ಅಂದರೆ ಸುತ್ತು ಅಥವಾ ಮಡಿಕೆ, ಎಳೆತ ಬಂದ ಕ್ಷಣ ಕುಣಿಕೆಯಾಗುತ್ತದೆ. ಅದರೊಳಗೆ ಕಾಲಿದ್ದರೆ ಕಾಲು ಹೋಯಿತು. ಹಗ್ಗ ದಾಟಲೇಬೇಕಾದರೆ ಸುತ್ತಿ ಬನ್ನಿ.

ಇನ್ನೊಂದು ಅಪಾಯ, ಕಿತ್ತ ಹಗ್ಗ ತಿರುಗಿ ಹೊಡೆಯುವುದು. ಹುಡುಗರು ಅದು ನೇರ ಹಿಂದಕ್ಕೆ ಬರುತ್ತದೆ ಅಂದುಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲುತ್ತಾರೆ. ಹಗ್ಗ ರೋಲರ್ ಸುತ್ತಿ ತಿರುಗಿ ವಿಂಚಿಗೆ ಬರುತ್ತಿದ್ದರೆ ಕಿತ್ತಾಗ ಅದು ಬೀಸುವ ಜಾಗ ಬಹಳ ಅಗಲ. ಮೊದಲೆಲ್ಲ ಅಪಾಯದ ಜಾಗಕ್ಕೆ ಡೆಕ್ ಮೇಲೆ ಹಳದಿ ಗೆರೆ ಎಳೆಯುತ್ತಿದ್ದರು. ಗೆರೆಯ ಹೊರಗೆ ನಿಂತವನಿಗೆ ಸುಳ್ಳು ಧೈರ್ಯ ಬರುತ್ತದೆ ಎಂಬ ಕಾರಣಕ್ಕೆ ಆ ಪದ್ಧತಿಯನ್ನು ಈಗ ಪ್ರೋತ್ಸಾಹಿಸುವುದಿಲ್ಲ. ಎಳೆತ ಇರುವಷ್ಟು ಹೊತ್ತು ಹಗ್ಗದ ಕೆಲಸ ನಡೆಯುವ ಇಡೀ ಮೂರಿಂಗ್ ಡೆಕ್ಕೇ ಅಪಾಯದ ಜಾಗ ಎಂದುಕೊಳ್ಳಿ.

ನಮ್ಮ ತಿಪಟೂರು ಕಡೆಯ ನಾರಿನ ಹಗ್ಗ ಕೀರಲು ಸದ್ದು ಮಾಡಿ, ಎಳೆ ಎಳೆಯಾಗಿ ಬಿಟ್ಟುಕೊಂಡು ಕೀಳುತ್ತದೆ, ಓಡಲು ಒಂದು ಉಸಿರು ಸಿಗುತ್ತದೆ. ಸಿಂಥೆಟಿಕ್ ಹಗ್ಗ ಅಷ್ಟು ದಯೆ ತೋರಿಸುವುದಿಲ್ಲ. ನೈಲಾನ್ ಬಹಳ ಹಿಗ್ಗುತ್ತದೆ, ಹಿಗ್ಗಿದ್ದಷ್ಟೂ ಹೊಡೆತ ಜೋರು. ಹಿಗ್ಗದ ಎಚ್‌ಎಂಪಿಇ (ಬಹಳ ಗಟ್ಟಿಯಾದ ಒಂದು ಜಾತಿಯ ಸಿಂಥೆಟಿಕ್) ಹಗ್ಗದಲ್ಲಿ ಹೊಡೆತವೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ. ಅದರ ತುದಿಗೆ ನೈಲಾನ್ ಬಾಲ, ಅಂದರೆ ನೈಲಾನ್ ಹಗ್ಗದ ತುಂಡು, ಸೇರಿಸಿದ್ದರೆ ಹೊಡೆಯುವ ಶಕ್ತಿ ಆ ಬಾಲದಲ್ಲೇ ಕೂತಿರುತ್ತದೆ.

## ಹಂತ 3: ಹೀವಿಂಗ್ ಲೈನ್ ಎಸೆಯುವುದು

ದಪ್ಪ ಹಗ್ಗವನ್ನು ಯಾರೂ ಎಸೆಯಲಾರರು. ಸಣ್ಣ ದಾರವನ್ನು ದಕ್ಕೆಗೆ ಎಸೆದು, ಅದರ ಬೆನ್ನಿಗೆ ದಪ್ಪ ಹಗ್ಗವನ್ನು ಕಳಿಸುವುದು ಕ್ರಮ. ಹೊಸಬರು ಹತ್ತು ಜನರ ಎದುರು ಮಾನ ಕಳೆದುಕೊಳ್ಳುವುದು ಇಲ್ಲಿಯೇ.

ದಾರ ಸುಮಾರು 30 ಮೀಟರ್. ಅದನ್ನು ಒಂದೇ ಅಳತೆಯ ಸುರುಳಿಗಳಾಗಿ ಸುತ್ತಿ, ಅರ್ಧವನ್ನು ಎಸೆಯುವ ಕೈಗೆ, ಅರ್ಧವನ್ನು ಇನ್ನೊಂದು ಕೈಗೆ ಹಂಚಿಕೊಳ್ಳಿ. ಎಡಗೈ ಬಿಚ್ಚಿ ಅಂಗೈ ಮೇಲೆ ಸುರುಳಿ ಇರಲಿ, ಮುಷ್ಟಿ ಹಿಡಿದರೆ ದಾರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಡೆಯ ತುದಿಯನ್ನು ಮೊದಲೇ ಕಂಬಿಗೆ ಕಟ್ಟಿ. ದಾರವನ್ನೇ ಪೂರಾ ನೀರಿಗೆ ಕೊಟ್ಟವರನ್ನು ನಾನು ಬಹಳ ನೋಡಿದ್ದೇನೆ. ತೋಳಿನಿಂದ ಎಸೆಯಬೇಡಿ, ಸೊಂಟ ತಿರುಗಿಸಿ ಬೀಸಿ. ದಕ್ಕೆಯವನ ಎದೆಗೆ ಗುರಿ ಇಡದೆ ಅವನ ತಲೆ ಮೇಲಿಂದ ಹಿಂದಕ್ಕೆ ಬೀಳುವಂತೆ ಎಸೆಯಿರಿ, ಮುಂಚೆ ಒಂದು ಕೂಗು ಹಾಕಿ. ಗಾಳಿಯಿದ್ದರೆ ಅದು ಬರುವ ಕಡೆಗೆ ಸ್ವಲ್ಪ ಸರಿಸಿ ಎಸೆಯಬೇಕು.

ತುದಿಯ ಗಂಟಿನೊಳಗೆ ನಟ್ಟು, ಬೋಲ್ಟು, ಕಬ್ಬಿಣದ ಗುಂಡು ಸೇರಿಸುವುದು ನಿಷಿದ್ಧ. ಚೆನ್ನಾಗಿ ಹಾರುತ್ತದೆ ನಿಜ. ದಕ್ಕೆಯ ಮೇಲೆ ನಿಂತವನ ತಲೆಬುರುಡೆಗೂ ಹಾಗೇ ಬೀಳುತ್ತದೆ. ಅಂಥ ಗಂಟು ಸಿಕ್ಕಿದರೆ ದಕ್ಕೆಯವರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ಅವರು ಮಾಡುವುದು ಸರಿ. ಬರಿಯ ದಾರದ ಗಂಟು ಅಥವಾ ಸಣ್ಣ ಮರಳಿನ ಚೀಲ ಸಾಕು.

ರಜೆಯಲ್ಲಿ ಅಭ್ಯಾಸ ಮಾಡಲು ಸಮುದ್ರ ಬೇಕಿಲ್ಲ. ನಾನು ಹುಡುಗರನ್ನು ಬೆಳಗ್ಗೆ ಬಯಲಿಗೆ ಕರೆದುಕೊಂಡು ಹೋಗಿ, 20 ಮೀಟರ್ ಆಚೆ ಸೈಕಲ್ ಟೈರ್ ಇಟ್ಟು ಎಸೆಸುತ್ತೇನೆ. ಹತ್ತಕ್ಕೆ ಏಳು ಸಲ ಟೈರ್ ದಾಟಿ ಬಿದ್ದರೆ ತಿಂಡಿ, ಇಲ್ಲದಿದ್ದರೆ ಇನ್ನೂ ಹತ್ತು. ಒಣ ದಾರದಲ್ಲಿ ಗೆದ್ದವನಿಗೆ ಅದೇ ದಾರವನ್ನು ಬಕೆಟ್ ನೀರಿನಲ್ಲಿ ನೆನೆಸಿ ಕೊಡುತ್ತೇನೆ. ಹಡಗಿನಲ್ಲಿ ಎರಡನೇ ಸಲ ಎಸೆಯುವಾಗ ದಾರ ಒದ್ದೆಯಾಗಿಯೇ ಇರುತ್ತದೆ.

## ಹಂತ 4: ಹಗ್ಗ ಕೊಡುವ ಕ್ರಮ

ಯಾವುದು ಮೊದಲು ಎನ್ನುವುದನ್ನು ಗಾಳಿ, ಹರಿವು ನೋಡಿ ಪೈಲಟ್ ಮತ್ತು ಕ್ಯಾಪ್ಟನ್ ಹೇಳುತ್ತಾರೆ. ಬಹಳ ಸಲ ಮೊದಲು ಹೋಗುವುದು ಸ್ಪ್ರಿಂಗ್. ಮುಂದೆ ಹಿಂದೆ ಬೇರೆ ಹಡಗುಗಳು ನಿಂತಿರುವ ಬಂದರಿನಲ್ಲಿ ಹಡಗಿನ ಜಾಗ ಮೊದಲು ಖಾಯಂ ಆಗಬೇಕು, ಒಳಕ್ಕೆ ಎಳೆಯುವುದು ಆಮೇಲಿನ ಕೆಲಸ. ಆಮೇಲೆ ಹೆಡ್ ಮತ್ತು ಸ್ಟರ್ನ್, ಕಡೆಗೆ ಬ್ರೆಸ್ಟ್.

ಹಿಂಭಾಗದಲ್ಲಿ ನಿಂತವರಿಗೆ ಒಂದು ಎಚ್ಚರಿಕೆ. ಅಲ್ಲಿ ಕೆಳಗೆ ಪ್ರೊಪೆಲ್ಲರ್ ಇದೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ನೈಲಾನ್ ಮುಳುಗುತ್ತದೆ, ಎರಡೂ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತವೆ. ಬೇಕಾದಷ್ಟೇ ಬಿಡಿ. ಹಗ್ಗ ನೀರಿಗೆ ಬಿದ್ದ ಕೂಡಲೇ ಬ್ರಿಡ್ಜ್‌ಗೆ (ಹಡಗು ನಡೆಸುವ ಕೋಣೆಗೆ) ಹೇಳಿ, ಮೇಲೆ ಬಂದ ಕೂಡಲೇ ಮತ್ತೆ ಹೇಳಿ.

ದಟ್ಟಣೆಯ ಬಂದರಿನಲ್ಲಿ ಒಂದೇ ಬೊಲ್ಲಾರ್ಡಿಗೆ, ಅಂದರೆ ದಕ್ಕೆಯ ಮೇಲಿನ ಗೂಟಕ್ಕೆ, ಎರಡು ಹಡಗಿನ ಹಗ್ಗ ಬೀಳುವುದು ಮಾಮೂಲಿ. ನಿಮ್ಮ ಹಗ್ಗದ ಕಣ್ಣನ್ನು, ಅಂದರೆ ತುದಿಯ ಕುಣಿಕೆಯನ್ನು, ಅವರದ್ದರ ಮೇಲೆ ಸುಮ್ಮನೆ ಹೇರಿದರೆ, ಅವರು ಮೊದಲು ಹೊರಟಾಗ ನಿಮ್ಮದು ತೆಗೆಯದೆ ಅವರದ್ದು ಬರುವುದಿಲ್ಲ. ಸರಿಯಾದ ರೀತಿ ಹೀಗೆ: ನಿಮ್ಮ ಕಣ್ಣನ್ನು ಅವರ ಕಣ್ಣಿನ ಒಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ, ಆಮೇಲೆ ಬೊಲ್ಲಾರ್ಡಿಗೆ ಹಾಕಬೇಕು. ಆಗ ಯಾರು ಮೊದಲು ಹೊರಟರೂ ತಮ್ಮದನ್ನು ತಾವು ಎತ್ತಿಕೊಳ್ಳಬಹುದು. ನಂಬಿಕೆ ಬರದಿದ್ದರೆ ಮನೆಯಲ್ಲಿ ಎರಡು ಹಗ್ಗ, ಒಂದು ಒನಕೆ ತಗೊಂಡು ಮಾಡಿ ನೋಡಿ. ಇದನ್ನು ಮಾಡುವವರು ದಕ್ಕೆಯ ಮೇಲಿನವರು. ಆದರೂ ಮೇಲಿಂದ ಬಗ್ಗಿ ನೋಡುವುದು ನಿಮ್ಮ ಕೆಲಸ.

## ಹಂತ 5: ಸ್ಟಾಪರ್, ಬಿಟ್ಸ್, ಬ್ರೇಕ್

ವಿಂಚಿನ ಪಕ್ಕದ ಉರುಳೆಯಲ್ಲಿ ಎಳೆದ ಹಗ್ಗವನ್ನು ಬಿಟ್ಸ್‌ಗೆ, ಅಂದರೆ ಡೆಕ್ ಮೇಲಿನ ಜೋಡಿ ಕಂಬಕ್ಕೆ, ವರ್ಗಾಯಿಸುವಾಗ ಎಳೆತವನ್ನು ಅಷ್ಟು ಹೊತ್ತು ಹಿಡಿದಿಡುವುದು ಸ್ಟಾಪರ್. ನಾರಿನ ಅಥವಾ ಸಿಂಥೆಟಿಕ್ ಹಗ್ಗಕ್ಕೆ ಹಗ್ಗದ ಸ್ಟಾಪರ್, ತಂತಿ ಹಗ್ಗಕ್ಕೆ ಸರಪಳಿ. ಹಗ್ಗದ್ದಾದರೆ ಸ್ಟಾಪರ್‌ನ ಎರಡೂ ಎಳೆಗಳನ್ನು ಹಗ್ಗದ ಮೇಲೆ ಕೆಳಗೆ ಅಡ್ಡಡ್ಡ ಜಡೆ ಹೆಣೆದ ಹಾಗೆ ನಾಲ್ಕೈದು ಸಲ ಹಾಕಿ ತುದಿ ಕೈಯಲ್ಲಿ ಹಿಡಿಯಿರಿ. ವಿಂಚನ್ನು ನಿಧಾನ ಹಿಂದಕ್ಕೆ ಬಿಟ್ಟು, ಭಾರ ಸ್ಟಾಪರ್ ಮೇಲೆ ಕೂತಿತೇ ಎಂದು ನೋಡಿಯೇ ಹಗ್ಗ ತೆಗೆಯಬೇಕು.

ಬಿಟ್ಸ್‌ನ ಮೊದಲ ಕಂಬಕ್ಕೆ ಎರಡು ಸುತ್ತು ಹಾಕಿ, ಆಮೇಲೆ 8ರ ಆಕಾರ. ನೇರ 8 ಶುರು ಮಾಡಿದರೆ ಎರಡೂ ಕಂಬವನ್ನು ಹಗ್ಗ ಒಳಕ್ಕೆ ಎಳೆಯುತ್ತದೆ, ಬಿಚ್ಚುವುದೂ ಕಷ್ಟ. ಉರುಳೆಯ ಮೇಲೆಯೇ ಹಗ್ಗ ಬಿಟ್ಟು ಊಟಕ್ಕೆ ಹೋಗಬೇಡಿ.

ವಿಂಚಿನ ಡ್ರಮ್ಮಿನ (ಹಗ್ಗ ಸುತ್ತಿಡುವ ದೊಡ್ಡ ಉರುಳೆ) ಮೇಲೆಯೇ ಇರುವ ಹಗ್ಗವಾದರೆ ಬ್ರೇಕ್ ಬಿಗಿದು ಗೇರ್ ಬಿಡಿಸಿ. ಡ್ರಮ್ ಎರಡು ಭಾಗ ಇದ್ದರೆ ಎಳೆತದ ಭಾಗದಲ್ಲಿ ಒಂದೇ ಪದರ ಇರಲಿ. ಹಗ್ಗ ಡ್ರಮ್ಮಿಗೆ ಉಲ್ಟಾ ಸುತ್ತಿದ್ದರೆ ಬ್ಯಾಂಡ್ ಬ್ರೇಕಿನ ಹಿಡಿತ ಬಹಳ ಇಳಿದುಹೋಗುತ್ತದೆ. ಸರಿಯಾದ ದಿಕ್ಕಿನ ಬಾಣದ ಗುರುತು ಡ್ರಮ್ ಮೇಲೆ ಇರಬೇಕು, ಬಣ್ಣ ಬಳಿಯುವಾಗ ಮುಚ್ಚಿಹೋಗಿದ್ದರೆ ಮತ್ತೆ ಬರೆಯಿರಿ.

ಬ್ರೇಕ್ ಹಿಡಿಗೆ ಪೈಪು ತೂರಿಸಿ ಇಬ್ಬರು ನೇತು ಬಿದ್ದು ಬಿಗಿಯುವುದು ಪೌರುಷ ಅಂದುಕೊಂಡವರಿದ್ದಾರೆ. ಹಡಗಿನ ವಿನ್ಯಾಸಕ್ಕೆ ಗೊತ್ತುಮಾಡಿದ ಹಗ್ಗದ ಕಿತ್ತುಹೋಗುವ ಬಲದ 60 ಶೇಕಡದಲ್ಲಿ ಬ್ರೇಕ್ ಜಾರುವಂತೆ ಅದನ್ನು ಹೊಂದಿಸುವುದು ರೂಢಿ. ಹಗ್ಗ ಕೀಳುವ ಮೊದಲು ಬ್ರೇಕ್ ಜಾರಲಿ ಎನ್ನುವುದೇ ಉದ್ದೇಶ. ಪೈಪು ಹಾಕಿ ಬಿಗಿದರೆ ಕುಕ್ಕರ್ ವಿಜಿಲ್ ಮೇಲೆ ಗುಂಡುಕಲ್ಲು ಇಟ್ಟ ಹಾಗೆ.

## ಹಂತ 6: ಎಳೆತ ಸಮ ಮಾಡುವುದು

ಎಲ್ಲರೂ ಸೋಲುವ ಜಾಗ ಇದು. ಎಲ್ಲ ಹಗ್ಗ ಹಾಕಿ ಆಯಿತು, ಪೈಲಟ್ ಇಳಿದು ಹೋದರು, ಹುಡುಗರು ಟೀ ಕುಡಿಯಲು ಓಡುತ್ತಾರೆ. ಕೆಲಸ ಆಗ ಅರ್ಧ ಮುಗಿದಿರುತ್ತದೆ.

ಒಂದೇ ದಿಕ್ಕಿಗೆ ಹೋಗುವ ಎರಡು ಹಗ್ಗಗಳನ್ನು ತಗೊಳ್ಳಿ. ಜಾತಿ ಒಂದೇ, ದಪ್ಪ ಒಂದೇ. ಒಂದು 20 ಮೀಟರ್ ದೂರದ ಬೊಲ್ಲಾರ್ಡಿಗೆ, ಇನ್ನೊಂದು 40 ಮೀಟರ್ ದೂರದ್ದಕ್ಕೆ. ಹಡಗು 60 ಸೆಂಟಿಮೀಟರ್ ಸರಿಯಿತು ಅನ್ನಿ. ಮೊದಲನೆಯದು 3 ಶೇಕಡ ಹಿಗ್ಗಬೇಕು, ಎರಡನೆಯದು 1.5 ಶೇಕಡ. ಅಂದರೆ ಗಿಡ್ಡ ಹಗ್ಗದ ಮೇಲೆ ಸುಮಾರು ಎರಡು ಪಾಲು ಭಾರ. ಒಂದು ನೈಲಾನ್, ಇನ್ನೊಂದು ಹಿಗ್ಗದ ಎಚ್‌ಎಂಪಿಇ ಆಗಿದ್ದರಂತೂ ನೈಲಾನ್ ಬರೀ ಅಲಂಕಾರಕ್ಕೆ, ಹೊರುವುದೆಲ್ಲ ಪಕ್ಕದ್ದು. ಅದಕ್ಕೇ ಒಂದೇ ಕೆಲಸಕ್ಕೆ ಹೋಗುವ ಹಗ್ಗಗಳು ಒಂದೇ ಜಾತಿಯವು, ಆದಷ್ಟು ಒಂದೇ ಉದ್ದದವು ಇರಬೇಕು.

ಇನ್ನು ಮೇಲಿಂದ ಕೆಳಕ್ಕೆ ಇಳಿಯುವ ಕೋನ. ಖಾಲಿ ಹಡಗು ಎತ್ತರಕ್ಕೆ ನಿಂತಿರುತ್ತದೆ, ಬ್ರೆಸ್ಟ್ ಲೈನ್ ಕಡಿದಾಗಿ ಇಳಿಯುತ್ತದೆ. 30 ಡಿಗ್ರಿ ಇಳಿಜಾರಿದ್ದರೆ ಹಗ್ಗದ ಎಳೆತದ 87 ಶೇಕಡ ಹಡಗನ್ನು ದಕ್ಕೆಗೆ ಎಳೆಯುತ್ತದೆ. 60 ಡಿಗ್ರಿ ಆದರೆ ಬರೀ ಅರ್ಧ.

ನೋಡುವುದು ಹೇಗೆ? ಹಗ್ಗದ ಮೇಲೆ ಕಾಲಿಟ್ಟು ತುಳಿದು ನೋಡುವುದು ಬೇಡ. ಪಕ್ಕದಲ್ಲಿ ದೂರ ನಿಂತು ಎರಡೂ ಹಗ್ಗದ ಜೋತು ನೋಡಿ. ಒಣಹಾಕಿದ ಸೀರೆಯ ತಂತಿ ಜೋಲುತ್ತದಲ್ಲ, ಆ ಥರ. ಜೋತು ಒಂದೇ ಸಮ ಇದ್ದರೆ ಎಳೆತ ಹೆಚ್ಚುಕಡಿಮೆ ಸಮ. ಹೆಚ್ಚು ಜೋತದ್ದನ್ನು ಮೊದಲು ಎಳೆಯಿರಿ. ಹೊಸಬರು ಮಾಡುವುದು ಇದರ ಉಲ್ಟಾ: ಬಿರಿಯುತ್ತಿರುವ ಹಗ್ಗ ಕಂಡು ಗಾಬರಿಯಾಗಿ ಅದನ್ನೇ ಬಿಡುತ್ತಾರೆ. ಆಗ ಹಡಗು ಆಚೆ ಹೋಗಿ, ಭಾರ ಒಮ್ಮೆಗೇ ಮತ್ತೊಂದರ ಮೇಲೆ ಎರಗುತ್ತದೆ. ಸಡಿಲದ್ದನ್ನು ಎಳೆದರೆ ಬಿಗಿಯಾದದ್ದರ ಭಾರ ತಾನೇ ಇಳಿಯುತ್ತದೆ.

ತಾನೇ ಎಳೆದು ತಾನೇ ಬಿಡುವ ಆಟೋ ಟೆನ್ಷನ್ ವಿಂಚ್ ಇದ್ದರೆ ಈ ತಲೆನೋವಿಲ್ಲ ಎಂದು ಕೇಳುವವರಿದ್ದಾರೆ. ದಕ್ಕೆಗೆ ಕಟ್ಟಿದ ಮೇಲೆ ಅದನ್ನು ಆಟೋದಲ್ಲಿ ಬಿಡಬಾರದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, ಮುಂದಿನದು ಹಿಂದಿನದರ ಜೊತೆ ಜಗ್ಗಾಡುತ್ತಾ ಹಡಗನ್ನು ದಕ್ಕೆಯುದ್ದಕ್ಕೂ ನಡೆಸಿಕೊಂಡು ಹೋಗುತ್ತದೆ.

## ಹಂತ 7: ಕಟ್ಟಿದ ಮೇಲೆ ಕಾಯುವುದು

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಭರತ ಇಳಿತದ ಏರಿಳಿತ ಕಡಿಮೆ, ಹಗ್ಗ ಕಾಯುವವನಿಗೆ ಅಷ್ಟು ಕಾಟವಿಲ್ಲ. ಗುಜರಾತಿನ ಭಾವನಗರದ ಕಡೆ ಹೋದರೆ ದೊಡ್ಡ ಭರತದ ದಿನ ನೀರು 10 ಮೀಟರಿನಷ್ಟು ಏರಿಳಿಯುತ್ತದೆ. ಅಂಥ ಕಡೆ ಒಂದು ಗಂಟೆ ಮೈಮರೆತರೂ ಹಗ್ಗ ಹೋಗುತ್ತದೆ.

ನೀರು ಮಾತ್ರವಲ್ಲ, ಸರಕೂ ಹಡಗನ್ನು ಏರಿಳಿಸುತ್ತದೆ. ಕಲ್ಲಿದ್ದಲು ಇಳಿಸಿದಂತೆ ಹಡಗು ಮೇಲೆ ಬಂದು ಹಗ್ಗ ಬಿಗಿಯುತ್ತದೆ. ತುಂಬಿದಂತೆ ಕೆಳಗಿಳಿದು ಸಡಿಲವಾಗುತ್ತದೆ. ಹಗ್ಗ ಹೊರಡುವ ಜಾಗ ದಕ್ಕೆಗಿಂತ ಕೆಳಗೆ ಹೋಯಿತೋ, ಲೆಕ್ಕ ತಿರುಗುತ್ತದೆ, ಇಳಿದಷ್ಟೂ ಬಿಗಿ. ಭರತ ಏರುತ್ತಾ ಸರಕೂ ಇಳಿಯುತ್ತಿದ್ದರೆ ಎರಡೂ ಸೇರಿ ಎಳೆಯುತ್ತವೆ, ಆಗ ಹಗ್ಗ ನೋಡಿ ಬರುವ ಸುತ್ತು ಹೆಚ್ಚಿಸಿ. ಹೊಂದಿಸುವಾಗ ಒಂದು ಸಲಕ್ಕೆ ಒಂದೇ ಹಗ್ಗ.

ದಟ್ಟಣೆಯ ಬಂದರಿನ ವಿಶೇಷ ಕಾಟ ಪಕ್ಕದಲ್ಲಿ ಹಾದುಹೋಗುವ ಹಡಗು. ಅದು ನೀರನ್ನು ತಳ್ಳಿ, ಆಮೇಲೆ ಸೆಳೆಯುತ್ತದೆ, ಕಟ್ಟಿದ ಹಡಗು ಮುಂದೆ ಹಿಂದೆ ತೂಗುತ್ತದೆ. ಅದರ ವೇಗ ಎರಡು ಪಟ್ಟಾದರೆ ಸೆಳೆತ ಸುಮಾರು ನಾಲ್ಕು ಪಟ್ಟು. ದೊಡ್ಡ ಹಡಗು ಬರುವುದು ಕಂಡರೆ ಮುಂಚಿತವಾಗಿ ಸಡಿಲ ಹಗ್ಗಗಳನ್ನೆಲ್ಲ ಎಳೆದುಕೊಂಡು, ಗ್ಯಾಂಗ್‌ವೇಯಿಂದ (ದಕ್ಕೆಯಿಂದ ಹಡಗಿಗೆ ಹತ್ತುವ ಏಣಿ) ಜನರನ್ನು ಸರಿಸಿ.

ಒಂದು ಉಪಾಯ ನಾನು ಕೊನೆಯವರೆಗೂ ಬಿಡಲಿಲ್ಲ. ಗ್ಯಾಂಗ್‌ವೇ ಚಕ್ರದ ಪಕ್ಕ ದಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಸುವುದು. ಪ್ರತಿ ಸುತ್ತಿನಲ್ಲಿ ನೋಡಿ. ಚಕ್ರ ಗೆರೆಯಿಂದ ಉದ್ದಕ್ಕೆ ಒಂದು ಗೇಣು ಸರಿದಿದ್ದರೆ ಸ್ಪ್ರಿಂಗ್ ಸಡಿಲ, ಅಡ್ಡಕ್ಕೆ ನೀರಿನ ಕಡೆ ಸರಿದಿದ್ದರೆ ಬ್ರೆಸ್ಟ್ ನೋಡಿ.

ಉಳಿದ ಎಚ್ಚರಿಕೆಯ ಗುರುತುಗಳು: ಫೆಂಡರಿಗೂ (ಹಡಗು ಒರಗುವ ದಕ್ಕೆಯ ರಬ್ಬರ್ ದಿಂಬು) ಹಡಗಿಗೂ ನಡುವೆ ಬೆಳಕು ಕಾಣುವುದು. ಬ್ರೇಕ್ ಪಟ್ಟಿಯ ಹತ್ತಿರ ಸುಟ್ಟ ವಾಸನೆ ಅಥವಾ ಹೊಸದಾಗಿ ಉಜ್ಜಿ ಹೊಳೆಯುವ ಕಬ್ಬಿಣ. ಹಗ್ಗ ತಂಬೂರಿ ತಂತಿಯಂತೆ ನಡುಗುವುದು. ಫೇರ್‌ಲೀಡ್‌ನಲ್ಲಿ (ಹಗ್ಗ ಹಡಗಿನಿಂದ ಹೊರಹೋಗುವ ಕಿಂಡಿ) ಒರೆಸಿಕೊಂಡು ಹಗ್ಗದ ಮೈ ಗಾಜಿನಂತೆ ನುಣುಪಾಗಿ ಗಟ್ಟಿಯಾಗಿದ್ದರೆ ಅಲ್ಲಿ ಎಳೆಗಳು ಕರಗಿ ಅಂಟಿಕೊಂಡಿವೆ. ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಗೇ ಕರಗುತ್ತದೆ, ಉಜ್ಜಾಟದ ಬಿಸಿ ಸಾಕು. ಎಳೆ ಬಿಡಿಸಿ ನೋಡಿದಾಗ ಒಳಗೆ ಪುಡಿ ಉದುರಿದರೆ ಆ ಹಗ್ಗಕ್ಕೆ ಮರಳು ಹೊಕ್ಕಿದೆ ಅಥವಾ ಒಳಗಿಂದಲೇ ಸವೆದಿದೆ. ಇವನ್ನು ಕಂಡರೆ ನೀವೇ ತೀರ್ಮಾನಿಸದೆ ಆಫೀಸರ್‌ಗೆ ತೋರಿಸಿ, ಬರೆಸಿ. 2024ರ ಜನವರಿ 1ರಿಂದ ಸೋಲಾಸ್ (ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮದಲ್ಲಿ ಹಳೆಯ ಹಡಗುಗಳಿಗೂ ಹಗ್ಗದ ತಪಾಸಣೆ, ನಿರ್ವಹಣೆ ಕಡ್ಡಾಯವಾಗಿದೆ.

## ಹಂತ 8: ಬಿಚ್ಚುವುದು

ಹೊರಡುವ ಮುಂಚೆ ಪೈಲಟ್ "ಸಿಂಗಲ್ ಅಪ್" ಅನ್ನುತ್ತಾರೆ. ಹೆಚ್ಚಿನವನ್ನು ತೆಗೆದು, ಸಾಮಾನ್ಯವಾಗಿ ಮುಂದೊಂದು ಹೆಡ್, ಒಂದು ಸ್ಪ್ರಿಂಗ್, ಹಿಂದೆಯೂ ಹಾಗೆ ಉಳಿಸಿಕೊಳ್ಳುವುದು. ಯಾವುದು ಉಳಿಯಬೇಕು ಎನ್ನುವುದನ್ನು ಹೇಳಿಸಿಕೊಂಡೇ ಮುಟ್ಟಿ. ಇಲಿ ತಟ್ಟೆ ತೆಗೆಯುವುದು ಮರೆಯಬೇಡಿ. ಮರೆತರೆ ಫೇರ್‌ಲೀಡಿಗೆ ಬಂದು ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಆಗುವ ತಪ್ಪು ಆತುರದ್ದು. ದಕ್ಕೆಯವನು ಬೊಲ್ಲಾರ್ಡಿನಿಂದ ಕಣ್ಣನ್ನು ಕೈಯಲ್ಲಿ ಸಲೀಸಾಗಿ ಎತ್ತುವಷ್ಟು ಸಡಿಲ ಕೊಡಬೇಕು. ಅವನು ಎತ್ತಿ ಕೆಳಗೆ ಹಾಕಿ, ದೂರ ಸರಿದು, ಕೈ ಎತ್ತಿ ತೋರಿಸಿದ ಮೇಲೆ ವಿಂಚ್ ಎಳೆಯಿರಿ. ಅವನ ಬೆರಳು ಇನ್ನೂ ಹಗ್ಗದ ಮೇಲಿರುವಾಗಲೇ "ಹಬೇಸ್" ಅಂದವರಿಂದ ಬೆರಳು ಹೋದ ಕತೆಗಳು ಪ್ರತಿ ಬಂದರಿನಲ್ಲೂ ಇವೆ. ಹಬೇಸ್ ಎಂದರೆ ಎಳೆ, ಆರಿಯಾ ಎಂದರೆ ಬಿಡು. ನಮ್ಮ ಖಲಾಸಿಗಳ ಬಾಯಲ್ಲಿ ಇವತ್ತಿಗೂ ಉಳಿದಿರುವ ಪದಗಳು, ಕಲಿತಿಡಿ. ಕಣ್ಣು ಫೇರ್‌ಲೀಡ್ ಹತ್ತಿರ ಬಂದಾಗ ವೇಗ ಇಳಿಸಿ. ಇಲ್ಲದಿದ್ದರೆ ಒಳಕ್ಕೆ ಬರುವಾಗ ಚಾಟಿಯಂತೆ ಬೀಸುತ್ತದೆ.

ಟಗ್‌ನ ಹಗ್ಗ ಬಿಡುವಾಗಲೂ ತಟಕ್ಕನೆ ಕೈಬಿಡಬೇಡಿ. ಸಣ್ಣ ಹಗ್ಗದಲ್ಲಿ ಹಿಡಿದು ನಿಧಾನ ಇಳಿಸಿ, ಕೆಳಗೆ ಅವರ ಡೆಕ್ ಮೇಲೆ ಜನ ಇರುತ್ತಾರೆ.

ಬಂದರಿನಿಂದ ಹೊರಬಿದ್ದ ಮೇಲೆ ಹಗ್ಗಗಳನ್ನು ಸಿಹಿನೀರಿನಲ್ಲಿ ತೊಳೆಯಲು ಸಿಕ್ಕರೆ ತೊಳೆಯಿರಿ. ಉಪ್ಪಿನ ಹರಳು ಒಳಗೆ ಕೂತು ಎಳೆ ಕೊಯ್ಯುತ್ತದೆ. ಜಾಲರಿ ಹಲಗೆಯ ಮೇಲೆ ಗಾಳಿಯಾಡುವಂತೆ ಸುತ್ತಿಟ್ಟು, ಬಿಸಿಲು ಬೀಳದಂತೆ ಟಾರ್ಪಾಲ್ ಮುಚ್ಚಿ ಕಟ್ಟಿ. ಅಲೆಗೆ ಜಾರಿ ಸಮುದ್ರಕ್ಕೆ ಬೀಳದಂತೆ ಎರಡು ಗಂಟು ಜಾಸ್ತಿಯೇ ಇರಲಿ.